ಹಳೆಯ ರೇಡಿಯೋಗೆ ಬೆಲೆ ಕಟ್ಟುವ ಬಗೆ

ಬೆಲೆ ಕಟ್ಟುವ ವಿದ್ಯೆಯನ್ನು ನಮ್ಮ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ತೋಟದ, ಒಂದೇ ಕೊಯ್ಲಿನ ಅಡಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆ ಮಾಡಿ, ಒಂದೊಂದಕ್ಕೂ ಒಂದೊಂದು ದರವನ್ನು ನಿಶ್ಚಯಿಸುವ ಜನ ನಾವು. ಹಿಡಿ ಅಡಕೆಯನ್ನು ಅಂಗೈಮೇಲೆ ಹರಡಿ, ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಇನ್ನೊಂದನ್ನು ಕತ್ತರಿಸಿ ನೋಡಿ, ಮಾತನಾಡದೆ ತಲೆಯಲ್ಲಾಡಿಸುವ ಹಿರಿಯರನ್ನು ಕಂಡವರಿಗೆ ಈ ವಿದ್ಯೆಯ ಸೂಕ್ಷ್ಮ ತಿಳಿದಿರುತ್ತದೆ. ಆದರೆ ಇಷ್ಟು ಬಲ್ಲ ಜನ, ಮನೆಯ ಅಟ್ಟದಿಂದ ಇಳಿಸಿದ ಒಂದು ಹಳೆಯ ವಸ್ತುವಿನ ಮುಂದೆ ನಿಂತಾಗ ಮಾತ್ರ ಎರಡೇ ಮಾತನ್ನು ಬಲ್ಲವರಾಗುತ್ತಾರೆ. ಒಂದು, ‘ಇದು ಗುಜರಿಗೆ’ ಎಂಬುದು. ಇನ್ನೊಂದು, ‘ಇದಕ್ಕೆ ಲಕ್ಷಗಟ್ಟಲೆ ಬೆಲೆ’ ಎಂಬುದು. ಈ ಎರಡು ಮಾತುಗಳ ನಡುವೆ ಇರುವ ದಾರಿಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳಬೇಕೆಂದು ಈ ಬರಹ.

ಕೊಪ್ಪ ತಾಲ್ಲೂಕಿನ ಜಯಪುರದ ಸಮೀಪದ ಒಂದು ಮನೆಯವರು ಕಳೆದ ದೀಪಾವಳಿ ಮುಗಿದ ಮೇಲೆ ನನಗೆ ಹೇಳಿಕಳುಹಿಸಿದರು. ನಾನು ವಿಜ್ಞಾನದ ಮೇಷ್ಟರಾಗಿದ್ದವನು. ಬಿಡುವಿನಲ್ಲಿ ಹಳೆಯ ರೇಡಿಯೋಗಳನ್ನು ಬಿಚ್ಚಿ ಕೂಡಿಸುವ ಹುಚ್ಚು ನನಗೆ ಮೊದಲಿನಿಂದಲೂ ಉಂಟು. ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು, ಅವರಿಗೊಬ್ಬಳು ತಂಗಿ. ತಂದೆ ತೀರಿಕೊಂಡು ವರ್ಷಾಂತಿಕವೂ ಕಳೆದು, ಹಿಸ್ಸೆಯ ಮಾತು ಎದ್ದಿತ್ತು. ಜಗಳವೇನೂ ಇರಲಿಲ್ಲ. ತೋಟ, ಗದ್ದೆ, ಕಣಗಳ ಲೆಕ್ಕ ಮುಗಿದಿತ್ತು. ಅಡಕೆ ಬೇಯಿಸುವ ಹಂಡೆ, ಬೀಟೆಯ ಮಂಚ, ಕಬ್ಬಿಣದ ತಿಜೋರಿ, ಕಂಚಿನ ದೀಪಗಳು, ಎಲ್ಲವೂ ಪಟ್ಟಿಯಲ್ಲಿ ಸೇರಿ ಎದುರಿಗೆ ಒಂದೊಂದು ಮೊತ್ತವನ್ನು ಪಡೆದಿದ್ದವು. ಒಂದೇ ಒಂದು ಸಾಲಿನ ಎದುರಿಗೆ ಜಾಗ ಖಾಲಿ ಉಳಿದಿತ್ತು: ‘ಅಜ್ಜನ ರೇಡಿಯೋ - 1.’

ಅದು ಮೇಜಿನ ಮೇಲಿಡುವ ಸಣ್ಣ ಪೆಟ್ಟಿಗೆಯಲ್ಲ. ನೆಲದ ಮೇಲೆ ತನ್ನ ಕಾಲಮೇಲೆ ತಾನು ನಿಲ್ಲುವ, ಎದೆಯುದ್ದದ ಮರದ ರೇಡಿಯೋ. ಇಂಥದನ್ನು ಕನ್ಸೋಲ್ ಎನ್ನುತ್ತಾರೆ. ಮುಂಭಾಗದಲ್ಲಿ ಜರಿಯ ಎಳೆ ಹಾಯಿಸಿದ ಬಟ್ಟೆ, ಅದರ ಮೇಲೆ ಉದ್ದನೆಯ ಗಾಜು, ಗಾಜಿನ ಕೆಳಗೆ ದಂತದ ಬಣ್ಣದ ಕೀಲಿಗಳ ಸಾಲು. ಹಿರಿಯಣ್ಣನವರು ಯಾವುದೋ ಜಾಹೀರಾತಿನಲ್ಲಿ ಇಂಥದೇ ಒಂದಕ್ಕೆ ಒಂದೂವರೆ ಲಕ್ಷ ಎಂದು ಬರೆದದ್ದನ್ನು ನೋಡಿದ್ದರು. ತಮ್ಮನನ್ನು ಕೇಳಿದರೆ, ಗುಜರಿಯವನು ಐನೂರಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದಿದ್ದಾನೆ ಎಂದರು. ಈ ನಡುವೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಬಂದು, ಪೆಟ್ಟಿಗೆ ಮಾತ್ರ ಸಾಕು, ಒಳಗಿನದನ್ನು ನೀವೇ ಇಟ್ಟುಕೊಳ್ಳಿ ಎಂದು ಹನ್ನೆರಡು ಸಾವಿರ ಹೇಳಿ ಹೋಗಿದ್ದ. ಪಟ್ಟಣದ ಮನೆಯೊಂದರಲ್ಲಿ ಅದು ಬಾಟಲಿಗಳನ್ನಿಡುವ ಬೀರು ಆಗುವುದಿತ್ತು.

“ನೀವು ಹೇಳಿದ್ದೇ ಅಖೈರು, ಮೇಷ್ಟ್ರೇ” ಎಂದರು ಹಿರಿಯಣ್ಣ. ಅಖೈರು ಮಾಡುವ ಕೆಲಸ ನಾವೆಣಿಸಿದಷ್ಟು ಸುಲಭವಲ್ಲ.

ಮೊದಲಿಗೆ ‘ಪುರಾತನ’ ಎಂಬ ಮಾತನ್ನೇ ಪರಿಶೀಲಿಸಬೇಕು. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ಒಂದು ವಸ್ತು ಪ್ರಾಚ್ಯವೆನಿಸಿಕೊಳ್ಳಲು ಸಾಮಾನ್ಯವಾಗಿ ನೂರು ವರ್ಷವಾದರೂ ಆಗಿರಬೇಕು. ನಮ್ಮ ದೇಶದಲ್ಲಿ ಮುಂಬಯಿಯ ರೇಡಿಯೋ ಕ್ಲಬ್ಬಿನವರು ಪ್ರಸಾರವನ್ನಾರಂಭಿಸಿದ್ದು 1923ರಲ್ಲಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರ ಮೊದಲಾದದ್ದು 1927ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಮೂವತ್ತು ವ್ಯಾಟಿನ ಪುಟ್ಟ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ನುಡಿಸಿದ್ದು 1935ರ ಸೆಪ್ಟೆಂಬರ್ 10ರಂದು. ಹೀಗಿರುವಾಗ ಮಲೆನಾಡಿನ ಮನೆಯ ರೇಡಿಯೋ ಕಾನೂನಿನ ಅರ್ಥದಲ್ಲಿ ಪ್ರಾಚ್ಯವಸ್ತುವಾಗುವುದು ಇನ್ನೂ ದೂರದ ಮಾತು. ಅದು ಹಳೆಯದು, ಅಷ್ಟೆ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಬೆಲೆಯುಳ್ಳದ್ದಾಗುವುದಿಲ್ಲ.

ಎರಡನೆಯದು ಮರ. ಮಲೆನಾಡಿನವರಿಗೆ ಕಪ್ಪಗೆ ಹೊಳೆಯುವ ಮರವೆಲ್ಲ ಬೀಟೆಯಾಗಿಯೇ ಕಾಣುತ್ತದೆ. ಆ ಮನೆಯವರೂ ಇದನ್ನು ಬೀಟೆಯೆಂದೇ ನಂಬಿದ್ದರು. ಹಿಂಬದಿಯ ಅಂಚನ್ನು ದೀಪ ಹಿಡಿದು ನೋಡಿದರೆ ನಿಜ ತಿಳಿಯುತ್ತದೆ: ಒಳಗಿರುವುದು ಪ್ಲೈವುಡ್, ಅದರ ಮೇಲೆ ಅಕ್ರೋಟು ಮರದ ಕಾಗದದಷ್ಟು ತೆಳುವಾದ ಹಾಳೆಯನ್ನು ಅಂಟಿಸಿ ಮೆರುಗು ಕೊಟ್ಟಿದ್ದಾರೆ. ಆ ಕಾಲದ ಒಳ್ಳೆಯ ರೇಡಿಯೋಗಳನ್ನು ಹೀಗೆಯೇ ಮಾಡುತ್ತಿದ್ದರು. ಇದರಲ್ಲಿ ಮೋಸವೇನೂ ಇಲ್ಲ. ದಪ್ಪ ಮರದ ಹಲಗೆಯಾದರೆ ಹವೆಗೆ ಸೊಟ್ಟಗಾಗುತ್ತದೆ, ಪದರಗಳನ್ನು ಕೂಡಿಸಿದ್ದು ನೆಟ್ಟಗೆ ನಿಲ್ಲುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ನಾಡಿನಲ್ಲಿ ಅಂಟು ಸಡಿಲುತ್ತದೆ, ಮೇಲಿನ ಹಾಳೆ ಗುಳ್ಳೆಯೇಳುತ್ತದೆ. ಈ ಪೆಟ್ಟಿಗೆಯಲ್ಲಿ ಎರಡೇ ಕಡೆ ಹಾಗಾಗಿತ್ತು. ಅಡಿಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಟ್ಟಿದ್ದರಿಂದ ಹುಳು ಹಿಡಿದಿರಲಿಲ್ಲ. ಮಸಿ ಹಿಡಿದಿದ್ದಕ್ಕೇ ಅದು ಬೀಟೆಯಂತೆ ಕಂಡದ್ದು ಕೂಡ!

ಮೂರನೆಯದು ಒಡಲು. ಹಿಂಬದಿಯ ರಟ್ಟನ್ನು ಬಿಚ್ಚಿದಾಗ ಮೊದಲು ಕಂಡದ್ದು ಕುಂಬಾರ ಹುಳುವಿನ ಮಣ್ಣಿನ ಗೂಡುಗಳು. ಅವುಗಳ ನಡುವೆ ಗಾಜಿನ ವಾಲ್ವುಗಳು ಒಂದೂ ಕಳಚದೆ ನಿಂತಿದ್ದವು. ಧ್ವನಿಯನ್ನು ಹಿಗ್ಗಿಸುವ ವಾಲ್ವು ಇ.ಎಲ್. 84, ಕೇಂದ್ರ ಸರಿಯಾಗಿ ಸಿಕ್ಕಿದೆಯೇ ಇಲ್ಲವೇ ಎಂದು ತೋರಿಸುವ ಹಸಿರು ಕಣ್ಣು ಇ.ಎಂ. 80. ಇವೆರಡೂ ಒಂಬತ್ತು ಕಾಲಿನ ವಾಲ್ವುಗಳು. 1950ರ ದಶಕಕ್ಕಿಂತ ಹಿಂದೆ ಪೇಟೆಗೆ ಬಂದವಲ್ಲ. ವಾಲ್ವನ್ನು ಆಮೇಲೆ ಬದಲಾಯಿಸಿರಬಹುದು ಎಂದು ಯಾರಾದರೂ ವಾದಿಸಿಯಾರು. ಆದರೆ ಅವು ಕೂರುವ ಒಂಬತ್ತು ತೂತಿನ ಪೀಠಗಳು ಕಾರ್ಖಾನೆಯಲ್ಲಿ ತಗಡಿಗೆ ಬಡಿದು ಕೂರಿಸಿದವು. ಅವನ್ನು ಬದಲಾಯಿಸಿದ ಕುರುಹಿಲ್ಲ. ಅಲ್ಲದೆ ಈ ರೇಡಿಯೋ ವಿದ್ಯುತ್ತಿನಿಂದ ಮಾತ್ರ ನಡೆಯುವಂಥದು. ಆ ಮನೆಗೆ ವಿದ್ಯುತ್ತು ಬಂದದ್ದು 1960ರ ದಶಕದಲ್ಲಿ ಎಂಬುದನ್ನು ಮನೆಯವರೇ ಒಪ್ಪುತ್ತಾರೆ. ಅದಕ್ಕೆ ಮೊದಲು ಊರಿನಲ್ಲಿ ಯಾರಾದರೂ ರೇಡಿಯೋ ಇಟ್ಟಿದ್ದರೆ ಅದು ಬ್ಯಾಟರಿಯದು. ಕಾರಿನ ಬ್ಯಾಟರಿಯನ್ನು ಹೊತ್ತುಕೊಂಡು ಹೋಗಿ ಚಾರ್ಜು ಮಾಡಿಸಿ ತರಬೇಕಾಗಿದ್ದ ಕಾಲ ಅದು.

ಇದನ್ನೆಲ್ಲ ನಾನು ಹೇಳುತ್ತಿದ್ದ ಹಾಗೆ ಹಿರಿಯಣ್ಣನವರ ಮುಖ ಬಾಡಿತು. ಕಾರಣವಿತ್ತು. 1948ರ ಜನವರಿ 30ರ ರಾತ್ರಿ ಗಾಂಧೀಜಿಯವರ ಹತ್ಯೆಯ ಸುದ್ದಿಯನ್ನು ಅಜ್ಜನವರು ಇದೇ ರೇಡಿಯೋದಲ್ಲಿ ಕೇಳಿ ಜಗಲಿಯ ಮೇಲೆ ಕುಸಿದು ಕುಳಿತರೆಂಬುದು ಆ ಮನೆಯಲ್ಲಿ ಎಲ್ಲರಿಗೂ ತಿಳಿದ ಕಥೆ. ಅಜ್ಜ ಆ ಸುದ್ದಿಯನ್ನು ಎಲ್ಲಿಯೋ ಕೇಳಿರಬೇಕು, ಅವರ ದುಃಖವೂ ನಿಜವೇ ಆಗಿರಬೇಕು; ಆದರೆ ಆ ರಾತ್ರಿ ಈ ರೇಡಿಯೋ ಹುಟ್ಟಿರಲಿಲ್ಲ. ಬೆಲೆ ಕಟ್ಟುವವನು ಇಂಥ ಸಂದರ್ಭದಲ್ಲಿ ಏನು ಮಾಡಬೇಕು? ಕಥೆಯನ್ನು ಉಳಿಸಿಕೊಟ್ಟರೆ ವಸ್ತುವಿನ ಬೆಲೆ ಏರುತ್ತದೆ, ಮನೆಯವರಿಗೂ ಸಂತೋಷ. ಎಷ್ಟೋ ವ್ಯಾಪಾರಿಗಳು ಕಥೆಯಿಲ್ಲದ ವಸ್ತುವಿಗೆ ಕಥೆಯನ್ನು ತಾವೇ ಕಟ್ಟಿಕೊಡುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಸುಳ್ಳು ಕಥೆಯೆಂಬುದು ಮೆರುಗೆಣ್ಣೆಯ ಹಾಗೆ, ಮೇಲೆ ಹಚ್ಚಿದಷ್ಟೂ ಕೆಳಗಿರುವ ನಿಜವಾದ ಗೆರೆಗಳು ಕಾಣದೆ ಹೋಗುತ್ತವೆ. ಈ ಪ್ರಸಂಗದಲ್ಲಿ ಕೆಳಗೆ ಇದ್ದದ್ದು ಸಣ್ಣ ನಿಜವಲ್ಲ.

ಪೆಟ್ಟಿಗೆಯ ತಳದಲ್ಲಿ, ಸ್ಪೀಕರಿನ ಹಿಂದೆ, ಮಡಿಸಿಟ್ಟ ಒಂದು ಪುಟ್ಟ ಪುಸ್ತಕವಿತ್ತು: ರೇಡಿಯೋ ಲೈಸೆನ್ಸು. ಈಗಿನ ವಿದ್ಯಾರ್ಥಿಗಳಿಗೆ ಇದು ತಮಾಷೆಯಾಗಿ ತೋರಬಹುದು. ರೇಡಿಯೋ ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಮೊಹರು ಹಾಕಿಸಿಕೊಳ್ಳಬೇಕಾಗಿದ್ದ ಕಾಲವೊಂದಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಈ ಪುಸ್ತಕದಲ್ಲಿ ಮೊದಲನೆಯ ಮೊಹರು 1965ರದು. ಹೆಸರಿನ ಸಾಲಿನಲ್ಲಿ ಇದ್ದದ್ದು ಅಜ್ಜನ ಹೆಸರಲ್ಲ, ಅಜ್ಜಿಯದು. ಅಜ್ಜ ತೀರಿಕೊಂಡದ್ದು 1961ರಲ್ಲಿ. ಎಂದರೆ, ಯಜಮಾನರು ಹೋದ ನಾಲ್ಕು ವರ್ಷದ ಮೇಲೆ ಆ ಹೆಂಗಸು ತೋಟದ ಕಾರುಬಾರನ್ನು ತಾನೇ ನೋಡಿಕೊಂಡು, ಅಡಕೆಯ ಹಣದಿಂದ, ಯಾವುದೋ ಕಾಫಿ ಎಸ್ಟೇಟಿನ ಬಂಗಲೆಯಿಂದ ಮಾರಾಟಕ್ಕೆ ಬಂದ ಈ ದೊಡ್ಡ ರೇಡಿಯೋವನ್ನು ಕೊಂಡು, ತನ್ನ ಹೆಸರಿನಲ್ಲಿ ಲೈಸೆನ್ಸು ಮಾಡಿಸಿಕೊಂಡಿದ್ದಳು. ಬಂಗಲೆಯಿಂದ ಬಂದದ್ದೆಂಬುದು ಮನೆಯವರಿಗೆ ಗೊತ್ತಿತ್ತು. ತಂದವರು ಅಜ್ಜನೆಂದು ಮಾತ್ರ ಹೇಗೋ ಸೇರಿಕೊಂಡಿತ್ತು. ಮನೆಯಲ್ಲಿ ಬೆಲೆಬಾಳುವ ವಸ್ತುವಿದ್ದರೆ ಅದು ಗಂಡಸಿನದೇ ಆಗಿರಬೇಕೆಂಬ ನಮ್ಮ ಅಭ್ಯಾಸ ಎಷ್ಟು ಗಟ್ಟಿ ನೋಡಿ!

1965ಕ್ಕೇ ಏಕೆ ಎಂಬುದಕ್ಕೂ ಸಮಾಧಾನ ದೂರದಲ್ಲಿಲ್ಲ. ಅದಕ್ಕೆ ಮೊದಲು ಕನ್ನಡ ಕೇಳಬೇಕಾದರೆ 1950ರ ಜನವರಿಯಲ್ಲಿ ಮೊದಲಾದ ಧಾರವಾಡ ಕೇಂದ್ರವನ್ನೋ 1955ರಲ್ಲಿ ಮೊದಲಾದ ಬೆಂಗಳೂರು ಕೇಂದ್ರವನ್ನೋ ಘಟ್ಟದ ಮೂಲೆಯಲ್ಲಿ ಕುಳಿತು ಗರಗರ ಸದ್ದಿನ ನಡುವೆ ಹುಡುಕಬೇಕಾಗಿತ್ತು. 1965ರ ಫೆಬ್ರವರಿ 7ರಂದು ಭದ್ರಾವತಿ ಕೇಂದ್ರ ಆರಂಭವಾಯಿತು. ಮಲೆನಾಡಿಗೆ ತನ್ನದೇ ಒಂದು ಧ್ವನಿ ಬಂದಂತಾಯಿತು. ಅದೇ ವರ್ಷ ಜಯಪುರದ ಸಮೀಪದ ಒಬ್ಬ ವಿಧವೆ ಲೈಸೆನ್ಸು ಪಡೆದಳು. ಇವೆರಡಕ್ಕೂ ಸಂಬಂಧವಿದೆಯೆಂದು ಪುಸ್ತಕ ಹೇಳುವುದಿಲ್ಲ. ಆದರೆ ರೇಡಿಯೋದ ಗಾಜು ಹೇಳುತ್ತದೆ.

ಆ ಗಾಜಿನ ಮೇಲೆ ಎಂಥೆಂಥ ಊರುಗಳ ಹೆಸರುಗಳು! ಲಂಡನ್, ಪ್ಯಾರಿಸ್, ರೋಮ್, ಮಾಸ್ಕೋ. ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ. ಭದ್ರಾವತಿಯ ಹೆಸರು ಅಲ್ಲಿ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಹೊಗೆಯ ಮಸಿಯ ನಡುವೆ ಗಾಜಿನ ಹೊರಮೈಯಲ್ಲಿ ಎರಡು ಬಿಳಿಯ ಚುಕ್ಕೆಗಳಿದ್ದವು. ಹಕ್ಕಿಯ ಹಿಕ್ಕೆಯಿರಬೇಕೆಂದು ನಾನು ಉಗುರು ತಾಗಿಸಲು ಹೋದೆ. ಅಷ್ಟರವರೆಗೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದ ತಂಗಿ ಮುಂದೆ ಬಂದು, “ಅದನ್ನು ಕೆರೆಯಬೇಡಿ, ಮೇಷ್ಟ್ರೇ. ಅದು ಅಜ್ಜಿಯ ಸುಣ್ಣ” ಎಂದರು.

ಅಜ್ಜಿಗೆ ಇಂಗ್ಲಿಷ್ ಬಾರದು. ಎಲೆ-ಅಡಕೆ ಹಾಕುವಾಗ ಬೆರಳಲ್ಲಿ ಉಳಿದ ಸುಣ್ಣವನ್ನು ಗಾಜಿಗೆ ಒತ್ತಿ, ಒಂದು ಚುಕ್ಕೆ ಭದ್ರಾವತಿ, ಒಂದು ಚುಕ್ಕೆ ಬೆಂಗಳೂರು ಎಂದು ಗುರುತು ಮಾಡಿಕೊಂಡಿದ್ದರಂತೆ. ಸೂಜಿ ಚುಕ್ಕೆಗೆ ಬಂದು ನಿಂತರೆ ಊರು ಸಿಕ್ಕಿತು. ಸಂಜೆಯ ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಸಲಹೆ, ಒಮ್ಮೊಮ್ಮೆ ನಾಟಕ. ಮೊಮ್ಮಗಳು ಕದ್ದು ಸಿಲೋನಿನ ಹಾಡು ಕೇಳಬೇಕೆಂದರೆ ಕೇಳಿ ಮುಗಿಸಿ ಸೂಜಿಯನ್ನು ಮತ್ತೆ ಚುಕ್ಕೆಗೆ ತಂದು ನಿಲ್ಲಿಸಬೇಕಾಗಿತ್ತು. ಇಲ್ಲದಿದ್ದರೆ ಮರುದಿನ ವಿಚಾರಣೆ. ಪೆಟ್ಟಿಗೆಯ ಮೇಲ್ಭಾಗದ ದುಂಡನೆಯ ಕಲೆ ಎಲೆಯ ತಟ್ಟೆಯದೆಂಬುದನ್ನೂ ಅವರೇ ಹೇಳಿದರು. ಅಣ್ಣಂದಿರಿಬ್ಬರೂ ಸುಮ್ಮನೆ ಕೇಳುತ್ತಿದ್ದರು. ಅವರು ಆ ವರ್ಷಗಳಲ್ಲಿ ಓದಿಗೆಂದು ಪರಊರಿನ ಹಾಸ್ಟೆಲಿನಲ್ಲಿದ್ದವರು. ರೇಡಿಯೋ ಅವರಿಗೆ ರಜೆಯ ನೆನಪು ಮಾತ್ರ.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ವ್ಯಾಪಾರಿ ಅದನ್ನು ಕೊಂಡಿದ್ದರೆ ಮಾಡುತ್ತಿದ್ದ ಮೊಟ್ಟಮೊದಲ ಕೆಲಸವೆಂದರೆ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಎರಡನೆಯದು ಆ ಕಲೆಯನ್ನು ಉಜ್ಜಿ ಮೆರುಗು ಕೊಡುವುದು. ಮೂರನೆಯದು ಒಡಲನ್ನು ಕಿತ್ತು ಗುಜರಿಗೆ ಹಾಕುವುದು. ಲೈಸೆನ್ಸಿನ ಪುಸ್ತಕವೂ ಅದರೊಡನೆಯೇ ಹೋಗುತ್ತಿತ್ತು. ಒಂದು ಮಧ್ಯಾಹ್ನದ ಕೆಲಸ. ಅಷ್ಟರಲ್ಲಿ ಇದು ಯಾರ ರೇಡಿಯೋ, ಯಾವ ಕಾಲದ್ದು, ಅದರಲ್ಲಿ ಏನು ಕೇಳಿದರು ಎಂಬುದಕ್ಕೆ ಇದ್ದ ಸಾಕ್ಷ್ಯವೆಲ್ಲ ಅಳಿಸಿಹೋಗಿ, ಸೊಗಸಾದ ಒಂದು ಮರದ ಪೆಟ್ಟಿಗೆ ಉಳಿಯುತ್ತಿತ್ತು. ನಾವು ‘ಜೀರ್ಣೋದ್ಧಾರ’ ಎಂದು ಹೆಮ್ಮೆಯಿಂದ ಕರೆಯುವ ಎಷ್ಟೋ ಕೆಲಸಗಳು ಈ ಜಾತಿಯವು.

ಪ್ರಸಾರದ ಚರಿತ್ರೆಯನ್ನು ನಾವು ಬರೆದಿಲ್ಲವೆಂದಲ್ಲ. ಗೋಪಾಲಸ್ವಾಮಿಯವರ ಸಾಹಸವನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಮೈಸೂರಿನಲ್ಲಿ ಒಬ್ಬ ಅಧ್ಯಾಪಕರ ಮನೆಯಿಂದ ಹೊರಟ ಹೆಸರು 1950ರ ದಶಕದಲ್ಲಿ ಇಡೀ ದೇಶದ ರೇಡಿಯೋದ ಹೆಸರಾದದ್ದನ್ನು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಇದು ನುಡಿದವರ ಚರಿತ್ರೆ. ಕೇಳಿದವರ ಚರಿತ್ರೆಯನ್ನು ಬರೆದವರು ವಿರಳ. ಆಕಾಶದಿಂದ ಬಂದ ವಾಣಿ ಯಾವ ಮನೆಯ ನಡುಮನೆಯಲ್ಲಿ ಇಳಿಯಿತು, ಗುಂಡಿಯನ್ನು ತಿರುಗಿಸುವ ಅಧಿಕಾರ ಯಾರದಾಗಿತ್ತು, ಬಾಗಿಲ ಹಿಂದೆ ನಿಂತು ಕೇಳಿದವರು ಯಾರು, ಇದನ್ನೆಲ್ಲ ಕೇಂದ್ರಗಳ ದಫ್ತರುಗಳಲ್ಲಿ ಹುಡುಕಿ ಫಲವಿಲ್ಲ. ಅದು ಇರುವುದು ಇಂಥ ಪೆಟ್ಟಿಗೆಗಳ ಕಲೆಗಳಲ್ಲಿ, ಸುಣ್ಣದ ಚುಕ್ಕೆಗಳಲ್ಲಿ, ಅಂಚೆಯ ಮೊಹರುಗಳಲ್ಲಿ. ಮೀಡಿಯಂ ವೇವ್ ಪ್ರಸಾರ ದೇಶದಲ್ಲಿ ಕುಗ್ಗುತ್ತಾ ಬಂದು, ಕೇಳುವ ಅಭ್ಯಾಸ ಎಫ್‌.ಎಂ. ಮತ್ತು ಮೊಬೈಲಿಗೆ ಸರಿದಿರುವ ಈ ಹೊತ್ತಿನಲ್ಲಿ, ಈ ಪೆಟ್ಟಿಗೆಗಳು ಮತ್ತೆ ಮಾತನಾಡುವ ಅವಕಾಶ ದಿನೇದಿನೇ ಕಡಿಮೆಯಾಗುತ್ತಿದೆ. ಅವು ಮೂಕವಾಗುವ ಮುನ್ನ ಅವುಗಳ ಮೈಮೇಲಿನ ಬರಹವನ್ನಾದರೂ ಓದಿಕೊಳ್ಳಬೇಡವೆ?

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ಉಪದೇಶಿಸುವವನು ನಾನಲ್ಲ. ಮನೆಯೆಂಬುದು ವಸ್ತುಸಂಗ್ರಹಾಲಯವಲ್ಲ. ಜಾಗದ ತೊಂದರೆ, ಹಣದ ತೊಂದರೆ ಯಾರಿಗಿಲ್ಲ? ‘ನೆನಪಿಗೆ ಬೆಲೆ ಕಟ್ಟಲಾಗದು’ ಎಂಬ ಮಾತೂ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಹಾಗೆಂದವರೇ ಮರುವರ್ಷ ಬಂದ ಬೆಲೆಗೆ ಮಾರುವುದನ್ನು ಕಂಡಿದ್ದೇನೆ. ಪಾಲುಪಟ್ಟಿಯಲ್ಲಿ ಖಾಲಿ ಜಾಗ ಬಿಟ್ಟರೆ ಅದು ನಾಳೆ ಮನಸ್ತಾಪಕ್ಕೆ ದಾರಿ. ಬೆಲೆ ಕಟ್ಟಲೇಬೇಕು, ಪ್ರಾಮಾಣಿಕವಾಗಿ ಕಟ್ಟಬೇಕು. ಕಟ್ಟುವ ಮೊದಲು ಇರುವುದೆಲ್ಲವನ್ನೂ ಬರೆದಿಡಬೇಕು. ಮಾರುವುದು ತಪ್ಪಲ್ಲ; ಏನನ್ನು ಮಾರುತ್ತಿದ್ದೇವೆಂದು ತಿಳಿಯದೆ ಮಾರುವುದು ತಪ್ಪು.

ಇಂಥ ರೇಡಿಯೋ ಇರುವ ಮನೆಯವರಿಗೆ ಅನುಭವದಿಂದ ಕೆಲವು ಮಾತುಗಳನ್ನು ಹೇಳಬಹುದು. ಅಟ್ಟದಿಂದ ಇಳಿಸಿದೊಡನೆ ವಿದ್ಯುತ್ತಿಗೆ ಚುಚ್ಚಬಾರದು. ಹತ್ತಾರು ವರ್ಷ ಸುಮ್ಮನಿದ್ದ ಕಂಡೆನ್ಸರುಗಳು ಕೆಟ್ಟಿರುತ್ತವೆ. ಒಂದೇ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರೂ ಸುಟ್ಟುಹೋದೀತು. ಕೆಲವು ಜಾತಿಯ ರೇಡಿಯೋಗಳಲ್ಲಿ ಒಳಗಿನ ತಗಡಿಗೇ ವಿದ್ಯುತ್ತು ಹರಿಯುವುದರಿಂದ ಮುಟ್ಟಿದವರ ಜೀವಕ್ಕೂ ಅಪಾಯ. ಬಲ್ಲವರು ಹಳೆಯ ಕಾಲದ ಬುರುಡೆ ಬಲ್ಬೊಂದನ್ನು ಸೀರೀಸಿನಲ್ಲಿ ಸೇರಿಸಿ ಪರೀಕ್ಷಿಸುತ್ತಾರೆ. ಬಲ್ಬು ಉಜ್ವಲವಾಗಿ ಉರಿದರೆ ಒಳಗೆ ಶಾರ್ಟ್ ಆಗಿದೆಯೆಂದು ಅರ್ಥ. ಗಾಜಿನ ಹಿಂಬದಿಯ ಅಕ್ಷರಗಳು ನೀರು ತಾಗಿದರೆ ಕಿತ್ತುಬರುತ್ತವೆ. ಆದ್ದರಿಂದ ಒಣ ಕುಂಚವೇ ಲೇಸು. ಹಿಂಬದಿಯ ರಟ್ಟು, ಗುಂಡಿಗಳು, ರಸೀತಿ, ಲೈಸೆನ್ಸುಗಳನ್ನು ಎಸೆಯಬಾರದು. ಫಿಲಿಪ್ಸ್, ಮರ್ಫಿ, ಬುಷ್ ಎಂಬ ಹೆಸರಿಗಿಂತ ಈ ಪೂರ್ಣತೆಗೇ ತಿಳಿದವರು ಹಣ ಕೊಡುವುದು. ಕೊನೆಯದಾಗಿ, ಜಾಹೀರಾತಿನ ಬೆಲೆಯನ್ನು ನಂಬಬಾರದು. ಅದು ಮಾರುವವನು ಕೇಳಿದ ಬೆಲೆ, ಕೊಳ್ಳುವವನು ಕೊಟ್ಟದ್ದಲ್ಲ. ಮಂಡಿಯಲ್ಲಿ ಕೂಗಿದ ದರಕ್ಕೂ ಪಟ್ಟಿಯಲ್ಲಿ ಬರೆದ ದರಕ್ಕೂ ಇರುವ ಅಂತರವನ್ನು ಅಡಕೆ ಬೆಳೆಯುವವರಿಗೆ ನಾನು ವಿವರಿಸಬೇಕೆ?

ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹವೂ ಇದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ತಮ್ಮ ತಮ್ಮ ಮನೆಯ ಅಟ್ಟವನ್ನು ಹತ್ತಿ, ಅಲ್ಲಿ ಕಂಡ ರೇಡಿಯೋದ ವಿವರವನ್ನೂ, ಅದನ್ನು ಕೇಳಿದ ಹಿರಿಯರ ಮಾತನ್ನೂ ಎರಡು ಪುಟ ಬರೆದು ತಂದರೆ, ಮೂರು ತಾಲ್ಲೂಕುಗಳ ಕೇಳುಗರ ಚರಿತ್ರೆ ತಾನಾಗಿ ಸಿದ್ಧವಾಗುತ್ತದೆ. ಇದಕ್ಕೆ ಹಣ ಬೇಡ, ಸಮಿತಿ ಬೇಡ. ಆ ಹಿರಿಯರು ಇರುವಾಗ ಕೇಳಬೇಕು, ಅಷ್ಟೆ.

ಇನ್ನು ಆ ಮನೆಯ ಮಾತು. ಬಲ್ಬಿನ ಪರೀಕ್ಷೆಯಲ್ಲಿ ಟ್ರಾನ್ಸ್‌ಫಾರ್ಮರು ಕೆಟ್ಟಿಲ್ಲವೆಂದು ತಿಳಿಯಿತು. ಹಸಿರು ಕಣ್ಣು ಮಂಕಾಗಿ ಬೆಳಗಿತು. ಸ್ಪೀಕರಿನ ಕಾಗದ ಹರಿದಿತ್ತು. ಸೂಜಿಯನ್ನು ಎಳೆಯುವ ದಾರ ತುಂಡಾಗಿ, ಸೂಜಿ ಎಡತುದಿಯಲ್ಲಿ ನಿಂತುಬಿಟ್ಟಿತ್ತು. ಎರಡು ಚುಕ್ಕೆಗಳೂ ಅದರಿಂದ ದೂರ. ಈ ಗುಣದೋಷಗಳನ್ನೆಲ್ಲ ಬರೆದು, ಇದ್ದ ಸ್ಥಿತಿಯಲ್ಲಿ ಹದಿನೆಂಟು ಸಾವಿರ ರೂಪಾಯಿ ಎಂದು ಪಟ್ಟಿಯ ಖಾಲಿ ಜಾಗವನ್ನು ತುಂಬಿದೆ. ಒಂದೂವರೆ ಲಕ್ಷದ ಆಸೆಯೂ ಐನೂರರ ತಾತ್ಸಾರವೂ ಒಟ್ಟಿಗೆ ಮುಗಿದವು. 2005ರ ತಿದ್ದುಪಡಿಯಾದಂದಿನಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ತಂಗಿಯ ಪಾಲು ಕಾಗದದ ಮೇಲೆ ಮೊದಲೇ ಇತ್ತು. ಆದರೆ ಮನೆಯೊಳಗಿನ ಯಾವ ವಸ್ತು ನಿನಗೆ ಬೇಕೆಂದು ಅವರನ್ನು ಯಾರೂ ಕೇಳಿದಂತಿರಲಿಲ್ಲ. ಕಿರಿಯಣ್ಣ ಆಗ ಕೇಳಿದರು. ಆ ಮೊತ್ತವನ್ನು ತಮ್ಮ ಪಾಲಿನಲ್ಲಿ ಹಿಡಿದು ರೇಡಿಯೋವನ್ನು ತಮಗೆ ಕೊಡಬೇಕೆಂದು ಅವರು ಹೇಳಿದರು.

ಹಿರಿಯಣ್ಣನವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಪೆನ್ನು ತೆಗೆದುಕೊಂಡು, ಪಟ್ಟಿಯಲ್ಲಿ ‘ಅಜ್ಜನ’ ಎಂಬುದನ್ನು ಹೊಡೆದು ‘ಅಜ್ಜಿಯ’ ಎಂದು ತಿದ್ದಿ, ಪಕ್ಕದಲ್ಲಿ ರುಜು ಹಾಕಿದರು. ಅದರ ಕೆಳಗೆ ಒಂದು ಸಾಲನ್ನು ಸೇರಿಸಲು ನಾನು ಅನುಮತಿ ಕೇಳಿದೆ. ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು. ನಾನು ಬರೆದೆ: ‘ಗಾಜನ್ನು ಒರೆಸಕೂಡದು.’